ಮಗು ಬಾಯಿಗೆ ಹಾಕಿಕೊಂಡರೂ ಅಪಾಯವಿಲ್ಲದ ಬಣ್ಣವನ್ನು ಮನೆಯಲ್ಲೇ ಮಾಡಬಹುದೇ?

ಖಂಡಿತ ಮಾಡಬಹುದು. ಗಟ್ಟಿ ಮೊಸರಿಗೆ ಬೇಯಿಸಿದ ಬೀಟ್‌ರೂಟಿನ ರಸ ಬೆರೆಸಿದರೆ ಗುಲಾಬಿ, ಚಿಟಿಕೆ ಅರಿಸಿನ ಸೇರಿಸಿದರೆ ಹಳದಿ. ಆರು ತಿಂಗಳು ದಾಟಿ, ಮೊಸರು ತಿಂದು ರೂಢಿಯಾದ ಮಗು ಬೆರಳಿನಿಂದ ಬಳಿಯುತ್ತಲೇ ನೆಕ್ಕಿದರೂ ಚಿಂತೆಯಿಲ್ಲ. (ಅರಿಸಿನದ ಕಲೆ ಹೋಗುವುದು ಕಷ್ಟ, ಹಳೆಯ ಬಟ್ಟೆ ತೊಡಿಸಿ.) ಉಳಿದದ್ದನ್ನು ಅಂದೇ ಚೆಲ್ಲಿಬಿಡಿ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಆಟಕ್ಕೆಂದು ಕಲಸುವ ಹಿಟ್ಟಿನ ಮುದ್ದೆ. ಸಾಮಗ್ರಿಯೆಲ್ಲ ಅಡುಗೆಮನೆಯದೇ ಆದರೂ ಅದರಲ್ಲಿ ಉಪ್ಪು ವಿಪರೀತ. ಮಗು ನುಂಗಿದರೆ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೇರಬಹುದು. ಹಸಿ ಹಿಟ್ಟಿನಲ್ಲಿ ರೋಗಾಣುಗಳೂ ಇರಬಹುದು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು ಕಳೆಯುವವರೆಗೆ ದಯವಿಟ್ಟು ಅದು ಬೇಡ.

ಬಣ್ಣ ಸಿಹಿಯಾಗಿರಲೆಂದು ಜೇನುತುಪ್ಪವನ್ನೂ ಸೇರಿಸಬೇಡಿ: ಒಂದು ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬಾಟುಲಿಸಮ್ ಎಂಬ ಗಂಭೀರ ಕಾಯಿಲೆ ತಗುಲಬಹುದು. ಸಿಹಿ ಬೇಕೆನಿಸಿದರೆ ಕಿವುಚಿದ ಬಾಳೆಹಣ್ಣು ಸಾಕು.