ನಿನ್ನ ಡಬ್ಬಾ, ನನ್ನ ಡಬ್ಬಾ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆತನ ಒಪ್ಪಿಗೆ ಇದೆ.)

ನಿದ್ದೆ ಬರುತ್ತಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂದು ಬಂದ ಯುವಕ. ಕಾರಣ ಕೇಳಿದರೆ ಮಾತು ಹಾರಿಸುತ್ತಿದ್ದ. ಎರಡನೇ ಭೇಟಿಯಲ್ಲಿ ಬಾಯಿಬಿಟ್ಟ. "ಗೇಮ್ ವಿಷಯಕ್ಕೆ ಜಗಳವಾಗಿ ಗೆಳೆಯ ಮಾತು ಬಿಟ್ಟಿದ್ದಾನೆ ಮೇಡಂ. ನಗಬೇಡಿ."

ನಗುವಂಥದ್ದೇನೂ ಇರಲಿಲ್ಲ. ಇಬ್ಬರೂ ಚಿಕ್ಕಂದಿನಿಂದ ಒಂದೇ ಟಿವಿ ಮುಂದೆ ಕೂತು ಆಡಿದವರು. ದುಡಿಯಲು ಶುರು ಮಾಡಿದ ಮೇಲೆ ಈತ ಎಕ್ಸ್‌ಬಾಕ್ಸ್ ಕೊಂಡ, ಗೆಳೆಯ ಪ್ಲೇಸ್ಟೇಷನ್ ಕೊಂಡ. ಎರಡೂ ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರಗಳು (ಕನ್ಸೋಲ್), ಬೇರೆ ಬೇರೆ ಕಂಪನಿಯವು. ಮೊದಮೊದಲು ಬರೀ ತಮಾಷೆ. ಬರುಬರುತ್ತಾ ಎಲ್ಲದರಲ್ಲೂ ಪಕ್ಷ. ಒಬ್ಬ ಮೆಚ್ಚಿದ ಕಥೆ ಇನ್ನೊಬ್ಬನಿಗೆ ಸಪ್ಪೆ, ಒಬ್ಬ ಹೊಗಳಿದ ಧ್ವನಿ ಇನ್ನೊಬ್ಬನಿಗೆ ಕರ್ಕಶ. 2024ರಲ್ಲಿ ಎಕ್ಸ್‌ಬಾಕ್ಸ್ ತಯಾರಿಸುವ ಮೈಕ್ರೋಸಾಫ್ಟ್ ಕಂಪನಿ ಸೀ ಆಫ್ ಥೀವ್ಸ್, ಹೈ-ಫೈ ರಷ್ ಮುಂತಾದ ತನ್ನ ಗೇಮ್‌ಗಳನ್ನು ಪ್ಲೇಸ್ಟೇಷನ್‌ಗೂ ಕೊಟ್ಟಿತು. ಆಗ ಗೆಳೆಯ ಕೇಳಿದನಂತೆ: "ಇನ್ನು ನಿನ್ನ ಆ ಡಬ್ಬಾ ಯಾತಕ್ಕೋ?"

ಅದೇ ರಾತ್ರಿ ಈತ, ಗೆಳೆಯನಿಗೆ ತುಂಬಾ ಇಷ್ಟವಾದ ಗೇಮ್ ಒಂದರಲ್ಲಿ ಧ್ವನಿ ಕೊಟ್ಟ ನಟಿಗೆ ಹೊಲಸು ಮಾತಿನ ಸಂದೇಶ ಕಳಿಸಿದ. ಅದರ ಸ್ಕ್ರೀನ್‌ಶಾಟ್ ತೆಗೆದು ಗೆಳೆಯನಿಗೂ ಕಳಿಸಿದ. ಅಲ್ಲಿಗೆ ಮಾತು ನಿಂತಿತು. ಅಂದಹಾಗೆ ಆ ಗೇಮನ್ನು ಈತ ಆಡಿಯೇ ಇರಲಿಲ್ಲ. ನೋಡಿದ್ದು ಕೆಲವು ತುಣುಕುಗಳನ್ನು ಮಾತ್ರ.

ಗೇಮ್ ಬಿಟ್ಟುಬಿಡು ಎಂದು ಮನೆಯವರು ಹೇಳಿದ್ದರು. ನಾನು ಹಾಗೆ ಹೇಳಲಿಲ್ಲ. ಕಥೆ ಬಗ್ಗೆ ವಾದ ಮಾಡುವುದು ಕಾಯಿಲೆ ಅಲ್ಲ. ಮಾಸ್ ಎಫೆಕ್ಟ್ 3 ಎಂಬ ಗೇಮ್‌ನ ಕಥೆ ಮುಗಿದ ರೀತಿ ಸರಿಯಿಲ್ಲ ಎಂದು ಅಭಿಮಾನಿಗಳು ಗಲಾಟೆ ಎಬ್ಬಿಸಿದರು. ತಯಾರಕರು ಅದೇ ವರ್ಷ, 2012ರಲ್ಲಿ, ಕೊನೆಯ ಭಾಗವನ್ನು ಬೆಳೆಸಿ ಉಚಿತವಾಗಿ ಕೊಟ್ಟರು. ಅಲ್ಲಿ ಜಗಳ ಕಥೆಯ ಬಗ್ಗೆಯೇ ಇತ್ತು. ಇವರದ್ದು ಹಾಗಿರಲಿಲ್ಲ.

"ಡಬ್ಬಾ ಅಂದಿದ್ದಕ್ಕೆ ಅಷ್ಟೊಂದು ಉರಿದದ್ದು ಯಾಕೆ?" ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, ಕೊಳ್ಳುವಾಗ ತನಗೂ ಯಾವುದು ಒಳ್ಳೆಯದು ಅಂತ ಗೊತ್ತಾಗಿರಲಿಲ್ಲ. ಕೂಡಿಟ್ಟ ಹಣವೆಲ್ಲ ಹಾಕಿ ಒಂದನ್ನು ತಂದಿದ್ದ. ತಂದ ದಿನದಿಂದ ಅನುಮಾನ ಒಳಗೇ ಕೊರೆಯುತ್ತಿತ್ತು.

ಇದು ಹೊಸದೇನಲ್ಲ. 1956ರಲ್ಲಿ ಜ್ಯಾಕ್ ಬ್ರೆಮ್ ಎಂಬ ಮನೋವಿಜ್ಞಾನಿ ವಿದ್ಯಾರ್ಥಿನಿಯರಿಂದ ಮನೆಬಳಕೆಯ ವಸ್ತುಗಳಿಗೆ ಅಂಕ ಕೊಡಿಸಿದ. ಆಮೇಲೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದ. ಮತ್ತೆ ಅಂಕ ಕೇಳಿದಾಗ ಆರಿಸಿಕೊಂಡದ್ದು ಮೇಲೇರಿತ್ತು, ಬಿಟ್ಟದ್ದು ಕೆಳಗಿಳಿದಿತ್ತು. ವಸ್ತುಗಳು ಮಾತ್ರ ಅವೇ. ಈತನೂ ಗೆಳೆಯನ ಗೇಮ್‌ಗೆ ಬೈದು ತನ್ನ ಆಯ್ಕೆಗೆ ಅಂಕ ಹಾಕಿಕೊಳ್ಳುತ್ತಿದ್ದ. ಕಂಪನಿಗಳಿಗೂ ಈ ಚಟ ಲಾಭವೇ. ತೊಂಬತ್ತರ ದಶಕದ ಶುರುವಿನಲ್ಲಿ ಸೆಗಾ ಎಂಬ ಗೇಮ್ ಕಂಪನಿ ತನ್ನ ಜಾಹೀರಾತಿನಲ್ಲಿ ಎದುರಾಳಿ ಕಂಪನಿ ನಿಂಟೆಂಡೊವನ್ನು ಹೆಸರು ಹಿಡಿದೇ ಅಣಕಿಸುತ್ತಿತ್ತು. 2001ರಲ್ಲಿ ಸೆಗಾ ಕನ್ಸೋಲ್ ಮಾಡುವುದನ್ನು ನಿಲ್ಲಿಸಿತು. 2007ರಲ್ಲಿ ಅದರ ಗೇಮ್ ಪಾತ್ರ ಸಾನಿಕ್, ನಿಂಟೆಂಡೊದ ಪಾತ್ರ ಮಾರಿಯೊ ಜೊತೆ ಒಂದೇ ಗೇಮ್‌ನಲ್ಲಿ ಓಡುತ್ತಿತ್ತು!

ಧ್ವನಿಯ ವಿಷಯಕ್ಕೆ ಬಂದರೆ, ಫೈನಲ್ ಫ್ಯಾಂಟಸಿ 10 ಎಂಬ ಗೇಮ್‌ನಲ್ಲಿ ಎರಡು ಪಾತ್ರಗಳು ನಗುವ ತುಣುಕನ್ನು ಆತನೂ ಗೇಲಿ ಮಾಡಿದ್ದವನೇ. ಆದರೆ ಕಥೆಯಲ್ಲಿ ಆ ಇಬ್ಬರೂ ಬೇಕೆಂದೇ ಬಲವಂತದ ನಗು ನಗುತ್ತಿರುತ್ತಾರೆ. ತುಣುಕು ನೋಡಿದವರಿಗೆ ಅದು ಗೊತ್ತಾಗಲ್ಲ. ಜೊತೆಗೆ ನಟಿ ಹೇಳುವ ಸಾಲು ಬೇರೆಯವರು ಬರೆದದ್ದು. 2020ರಲ್ಲಿ ದ ಲಾಸ್ಟ್ ಆಫ್ ಅಸ್ ಪಾರ್ಟ್ 2 ಎಂಬ ಗೇಮ್ ಬಂದಾಗ, ಆಬಿ ಎಂಬ ಪಾತ್ರ ಮಾಡಿದ ತಪ್ಪಿಗೆ ಅದಕ್ಕೆ ಧ್ವನಿ ಕೊಟ್ಟ ಲಾರಾ ಬೇಯ್ಲಿಗೆ ಕೊಲೆ ಬೆದರಿಕೆಗಳು ಬಂದವು. "ನಾನು ಅಷ್ಟು ದೂರ ಹೋಗಿಲ್ಲ" ಎಂದ. ಸ್ವಲ್ಪ ತಡೆದು, "ದಾರಿ ಅದೇ ಅಲ್ವಾ" ಎಂದ.

ನಾನು ಹೇಳಿದ್ದು ಇಷ್ಟು. ನಟಿಗೆ ಕಳಿಸಿದ್ದನ್ನು ಅಳಿಸಿ, ಮತ್ತೆ ಬರೆಯಬೇಡಿ. ಕ್ಷಮೆಯ ಹೆಸರಿನಲ್ಲಿ ಅವರಿಂದ ಸಮಾಧಾನ ಬೇಡುವುದು ಇನ್ನೊಂದು ಹೊರೆ. ಗೆಳೆಯನಿಗೆ ಮಾತ್ರ ನಾಲ್ಕು ಸಾಲು ಬರೆಯಿರಿ. ಅದರಲ್ಲಿ "ಆದರೆ" ಬೇಡ. ಮಾಡಿದ್ದು ತಪ್ಪು ಎನ್ನಿ, ಡಬ್ಬಾ ಎಂದದ್ದು ನೋಯಿಸಿತು ಎಂದೂ ಹೇಳಿ. ಕೊಳ್ಳುವಾಗ ಇದ್ದ ಅನುಮಾನವನ್ನೂ ಮುಚ್ಚಿಡಬೇಡಿ. ಉತ್ತರ ಬರದಿದ್ದರೆ ಮತ್ತೆ ಕೆದಕಬೇಡಿ. ಆಡದ ಗೇಮ್ ಬಗ್ಗೆ ತೀರ್ಪು ಬೇಡ. ವಾದ ಮಾಡಲೇಬೇಕಾದರೆ ಯಾವ ದೃಶ್ಯ, ಯಾವ ಸಾಲು ಎಂದು ಹಿಡಿದು ಮಾಡಿ. ಮಲಗುವ ಮುಂಚೆ ಅಭಿಮಾನಿಗಳ ಜಗಳ ಓದಬೇಡಿ.

ಗೆಳೆಯನಿಗೆ ಬರೆಯಬೇಕಿದ್ದುದರಲ್ಲಿ ಮೂರನೆಯ ಮಾತು ಆತನಿಗೆ ಕಷ್ಟವಾಯಿತು. ಉಳಿದ ಸಾಲು ಸರಾಗವಾಗಿ ಬಂದರೂ, ಅನುಮಾನದ ಸಾಲನ್ನು ಬರೆದು ಬರೆದು ಅಳಿಸಿದನಂತೆ. ಕೊನೆಗೆ ಹಾಗೇ ಇಟ್ಟು ಕಳಿಸಿದ.

ಉತ್ತರ ತಡವಾಗಿ ಬಂತು: "ಮೊದಲು ಆ ಗೇಮ್ ಆಡು, ಆಮೇಲೆ ಬೈಯಿ." ಆಡಲು ಗೆಳೆಯನ ಮನೆಗೇ ಹೋಗಬೇಕಿತ್ತು. ಹೋದ, ಮುಗಿಸಿದ. ನಟನೆ ಚೆನ್ನಾಗಿದೆ ಎಂದು ಒಪ್ಪಿಕೊಂಡ. ಕಥೆಯ ಕೊನೆ ಮಾತ್ರ ಜೊಳ್ಳು ಎಂದು ಈಗಲೂ ವಾದಿಸುತ್ತಾನೆ, ಗೆಳೆಯ ಒಪ್ಪುತ್ತಿಲ್ಲ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಅದಕ್ಕೆ ಕೆಲಸದ ಒತ್ತಡವೂ ಸೇರಿಕೊಂಡಿದೆ. ಈಗ ನಮ್ಮ ಭೇಟಿಗಳಲ್ಲಿ ಮಾತಾಡುತ್ತಿರುವುದು ಅದರ ಬಗ್ಗೆ.