ಮಳೆಗಾಲದಲ್ಲಿ ಲಿಂಕ್ ಬೀಳ್ತಿದ್ರೆ ದೊಡ್ಡ ಡಿಶ್ ಹಾಕಬೇಕಾ?

ನೀವು ಕೇಳಿರೋದು ಇಷ್ಟು: 4 ಕಿಲೋಮೀಟರ್ ಆಚೆ ಗುಡ್ಡದ ಮೇಲಿರೋ ತಮ್ಮನ ಮನೆಗೆ ತಂತಿ ಇಲ್ಲದೆ ರೇಡಿಯೋದಲ್ಲೇ ನೆಟ್ ಕಳಿಸೋ 5.8 ಗಿಗಾಹರ್ಟ್ಸ್ ಲಿಂಕ್ ಹಾಕಿದೀರಿ, ಎರಡೂ ಕಡೆ 25 ಡಿಬಿಐ ಡಿಶ್ (ಡಿಬಿಐ ಅಂದ್ರೆ ಗೇನ್, ಡಿಶ್ ಸಿಗ್ನಲನ್ನ ಒಂದೇ ಕಡೆಗೆ ಎಷ್ಟು ಒಟ್ಟುಗೂಡಿಸ್ತದೆ ಅನ್ನೋ ಅಳತೆ), ನಿಮ್ಮ ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಅಡಿಕೆ ತೋಟ ಅಡ್ಡ ಬರ್ತದೆ ಆದ್ರೆ ಮರದ ತುದಿ ಮೇಲಿಂದ ತಮ್ಮನ ಮನೆ ಕಾಣ್ತದೆ, ಬೇಸಿಗೆಲಿ ಸಿಗ್ನಲ್ -68 ಡಿಬಿಎಂ (ಸಿಗ್ನಲ್ ಬಲದ ಅಳತೆ, ಮೈನಸ್ ಅಂಕೆ ದೊಡ್ಡದಾದಷ್ಟೂ ಸಿಗ್ನಲ್ ಕಮ್ಮಿ) ಇತ್ತು, ಈಗ ಮಳೆ ಹಿಡಿದ ಮೇಲೆ -85ರ ತನಕ ಇಳಿದು ನೆಟ್ ನಿಂತೇ ಹೋಗ್ತದೆ, 30 ಡಿಬಿಐ ಡಿಶ್ ತಗೊಂಡ್ರೆ ಸರಿ ಹೋಗ್ತದಾ ಅಂತ.

ತಗೋಬೇಡಿ. ಆ ದುಡ್ಡನ್ನ ಈಗಿರೋ ಡಿಶ್ ಎತ್ತರಿಸೋ ಪೈಪಿಗೆ ಹಾಕಿ. ಯಾಕೆ ಅಂತ ಹೇಳ್ತೀನಿ, ಲೆಕ್ಕ ನೀವೇ ಮಾಡಿ ನೋಡಬಹುದು.

4 ಕಿಲೋಮೀಟರ್ ಖಾಲಿ ಜಾಗದಲ್ಲಿ 5.8 ಗಿಗಾಹರ್ಟ್ಸ್ ಸಿಗ್ನಲ್ ಹೋದ್ರೆ ಸುಮಾರು 120 ಡಿಬಿ (ಸಿಗ್ನಲ್ ಎಷ್ಟು ಏರಿತು, ಇಳೀತು ಅನ್ನೋ ಲೆಕ್ಕ) ಕಳೀತದೆ. ನಮ್ಮಲ್ಲಿ ಈ ಬ್ಯಾಂಡಿಗೆ ಲೈಸೆನ್ಸ್ ಬೇಡ, ಆದ್ರೆ ರೇಡಿಯೋ ಪವರ್ ಮತ್ತು ಡಿಶ್ ಗೇನ್ ಸೇರಿ 36 ಡಿಬಿಎಂ, ಅಂದ್ರೆ 4 ವ್ಯಾಟ್ ದಾಟಬಾರದು. 36ರಲ್ಲಿ 120 ಕಳೆದು ಆ ಕಡೆ ಡಿಶ್‌ದು 25 ಕೂಡಿಸಿದ್ರೆ -59 ಬರ್ತದೆ. ರೇಡಿಯೋದಲ್ಲಿ ಪವರ್ ಈ ಮಿತಿಗೆ ಸರಿಯಾಗಿ ಇಟ್ಟಿದ್ರೆ ನಿಮಗೆ ಬಿಸಿಲಲ್ಲಿ ಸಿಗಬೇಕಿದ್ದಿದ್ದು -59, ಸಿಕ್ಕಿದ್ದು -68. ಅಂದ್ರೆ ಬೇಸಿಗೆಲೇ 9 ಡಿಬಿ ಎಲ್ಲೋ ಹೋಗ್ತಿತ್ತು, ನೆಟ್ ಓಡ್ತಿತ್ತು ಅನ್ನೋದಕ್ಕೆ ಯಾರೂ ಗಮನಿಸಿಲ್ಲ ಅಷ್ಟೆ. ಡಿಶ್ ಗುರಿ ಸರಿ ಇದೆ ಅಂತಾದ್ರೆ ಅದು ಹೋಗ್ತಿರೋದು ತೋಟಕ್ಕೇ.

ಕಣ್ಣಿಗೆ ಕಂಡ್ರೆ ಸಾಕು ಅಂತ ಎಲ್ರೂ ಅಂದ್ಕೋತಾರೆ. ಬೆಳಕಿನ ಅಲೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಸಣ್ಣದು, ಹಾಗಾಗಿ ಕಣ್ಣಿಗೆ ಸಣ್ಣ ಸಂದಿ ಇದ್ರೂ ಆಯ್ತು. ನಿಮ್ಮ ರೇಡಿಯೋ ಅಲೆ 5 ಸೆಂಟಿಮೀಟರ್ ಉದ್ದ, ಅದಕ್ಕೆ ಎರಡು ಡಿಶ್ ನಡುವಿನ ನೇರ ಗೆರೆಯ ಸುತ್ತ ಮಧ್ಯದಲ್ಲಿ ದಪ್ಪ ಇರೋ ಒಂದಿಷ್ಟು ಜಾಗ ಖಾಲಿ ಬೇಕು, ಫ್ರೆನೆಲ್ ಝೋನ್ ಅನ್ನೋದು ಅದಕ್ಕೇ. ನಿಮ್ಮ ತೋಟ ಇರೋ ಜಾಗದಲ್ಲಿ ಇದರ ತ್ರಿಜ್ಯ ಹತ್ತತ್ರ 4.8 ಮೀಟರ್, ಅದರಲ್ಲಿ ಕಮ್ಮಿ ಅಂದ್ರೂ ಶೇಕಡ 60, ಅಂದ್ರೆ ಗೆರೆಯಿಂದ ಸುಮಾರು 3 ಮೀಟರ್ ಕೆಳಗಿನ ತನಕ ಒಂದು ಸೋಗೆನೂ ಇರಬಾರದು. ಗೆರೆ ಬರೀ ಮರದ ತುದಿಗೆ ಸವರಿಕೊಂಡು ಹೋದ್ರೇ 6 ಡಿಬಿ ಹೋಯ್ತು.

ಈಗ ಮಳೆ ವಿಷಯ. ಎಲ್ರೂ ಮಳೆನ ಬೈತಾರೆ, ಆದ್ರೆ ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಸುರಿದ್ರೂ 5.8ರಲ್ಲಿ ಕಿಲೋಮೀಟರಿಗೆ ಹೆಚ್ಚಂದ್ರೆ ಒಂದು ಡಿಬಿ ಹೋಗ್ತದೆ, ನಿಮಗೆ ಒಟ್ಟು 4 ಅಂತ ಇಟ್ಕೊಳ್ಳಿ. ನಿಮ್ಮದು ಬಿದ್ದಿರೋದು 17! ಉಳಿದಿದ್ದೆಲ್ಲ ಒದ್ದೆ ಸೋಗೆದು. ನೀರು ಹಿಡ್ಕೊಂಡ ಎಲೆ ಈ ಫ್ರೀಕ್ವೆನ್ಸಿನ ಚೆನ್ನಾಗಿ ಹೀರ್ತದೆ, ಜೊತೆಗೆ ಸೋಗೆ ತೂಕಕ್ಕೆ ಬಾಗ್ತದೆ, ಗಾಳಿಗೆ ಬಡೀತದೆ, ಸಿಗ್ನಲ್ ನಿಂತಲ್ಲಿ ನಿಲ್ಲಲ್ಲ. (24 ಅಥವಾ 60 ಗಿಗಾಹರ್ಟ್ಸ್ ರೇಡಿಯೋ ಮಾತ್ರ ಯಾರು ಹೇಳಿದ್ರೂ ನಮ್ಮ ಮಲೆನಾಡಲ್ಲಿ ಇಷ್ಟು ದೂರಕ್ಕೆ ಹಾಕಬೇಡಿ, ಅಲ್ಲಿ ಮಳೆನೇ ನಿಜವಾದ ಶತ್ರು.)

ಖಾತ್ರಿ ಮಾಡ್ಕೊಳ್ಳೋಕೆ ಒಂದು ದಾರಿ ಇದೆ. ಜೋರು ಮಳೆ ನಿಂತ ತಕ್ಷಣ ಬ್ರೌಸರಲ್ಲಿ ರೇಡಿಯೋದ ಸೆಟ್ಟಿಂಗ್ ಪೇಜ್ ತೆಗೆದು ಸಿಗ್ನಲ್ ನೋಡ್ತಾ ಇರಿ. ಆಗಲೇ ಮೇಲೆ ಬಂದ್ರೆ ಮಳೆ ಕಾರಣ. ಬಿಸಿಲು ಬಿದ್ದು ಎಲೆ ಒಣಗ್ತಾ ಒಣಗ್ತಾ ಮೆಲ್ಲಗೆ ಏರಿದ್ರೆ ತೋಟ. ಎರಡು ದಿನ ಪೂರ್ತಿ ಒಣಗಿದ್ರೂ ಏರದೇ ಇದ್ರೆ ಡಿಶ್ ತಿರುಗಿದೆ ಅಥವಾ ಕನೆಕ್ಟರಿಗೆ ನೀರು ಇಳಿದಿದೆ.

30ರ ಡಿಶ್ ಯಾಕೆ ಬೇಡ ಅಂದ್ರೆ, ಕಳಿಸೋ ಕಡೆ ಗೇನ್ 5 ಏರಿಸಿದ್ರೆ ಕಾನೂನಿಗೆ ಪವರ್ 5 ಇಳಿಸಬೇಕು, ಹಾಗಾಗಿ ಲಾಭ ತಗೊಳ್ಳೋ ಕಡೆಯ 5 ಡಿಬಿ ಮಾತ್ರ. ನಿಮಗೆ ಬೇಕಿರೋದು ಅದರ ಎರಡು ಮೂರು ಪಟ್ಟು. ಮೇಲಿಂದ ಬೀಮ್, ಅಂದ್ರೆ ಡಿಶ್ ಬಿಡೋ ಸಿಗ್ನಲಿನ ಅಗಲ, ಸಣ್ಣ ಆಗ್ತದೆ, ಆಷಾಢದ ಗಾಳಿಗೆ ಪೈಪ್ ಅಲ್ಲಾಡಿದ್ರೆ ಇನ್ನೂ ಕಷ್ಟ. 2.4ಕ್ಕೆ ಇಳಿದ್ರೆ ಎಲೆ ಕಾಟ ಸ್ವಲ್ಪ ಕಮ್ಮಿ, ಆದ್ರೆ ಖಾಲಿ ಬೇಕಾದ ಜಾಗ ಇನ್ನೂ ದೊಡ್ಡದಾಗ್ತದೆ.

ಎತ್ತರಿಸಿ, ಅದೂ ನಿಮ್ಮ ಮನೆ ಕಡೆನೇ ಎತ್ತರಿಸಿ, ಇದು ಮುಖ್ಯ. ತೋಟ ನಿಮಗೆ ಹತ್ತಿರ ಇರೋದ್ರಿಂದ ನೀವು ಒಂದು ಮೀಟರ್ ಏರಿಸಿದ್ರೆ ತೋಟದ ಮೇಲೆ ಗೆರೆ ಹತ್ತತ್ರ 88 ಸೆಂಟಿಮೀಟರ್ ಏರ್ತದೆ, ತಮ್ಮ ಒಂದು ಮೀಟರ್ ಏರಿಸಿದ್ರೆ ಬರೀ 12. ಹನ್ನೆರಡು ಅಡಿ ಏರಿಸಿದ್ರೆ ಇವತ್ತಿಗೆ ಸಾಕು, ಮರ ಬೆಳೀತದಲ್ಲ, ಹದಿನೈದು ಇಡಿ. ದಪ್ಪ ಜಿಐ ಪೈಪ್ ತಗೊಂಡು ಮೂರು ಕಡೆ ಸ್ಟೇ ವೈರ್ ಬಿಗೀರಿ, ಕೇಬಲ್ ರೇಡಿಯೋಗೆ ಹೋಗೋ ಮುಂಚೆ ಕೆಳಕ್ಕೆ ಒಂದು ಬಳುಕು ಬಿಟ್ರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗ್ತದೆ. ಪೈಪಿಗೆ ಅರ್ಥಿಂಗ್ ಮಾಡಿಸಿ, ಎತ್ತರ ಹೆಚ್ಚಾದಷ್ಟೂ ಸಿಡಿಲಿನ ಭಯ ಜಾಸ್ತಿ, ಮತ್ತೆ ಮಳೆ ಬಿಡುವು ಕೊಟ್ಟ ದಿನ ಮಾತ್ರ ಹೆಂಚಿನ ಮೇಲೆ ಹತ್ತಿ.