ವಾಚ್‌ಪಾಯಿಂಟ್ ಬೇಡದ ಕಡೆಯೆಲ್ಲಾ ನಿಲ್ಲುತ್ತಿದ್ದರೆ ಏನು ಮಾಡುವುದು?

ನೀವು ಕೇಳಿದ್ದು ಇಷ್ಟು, ಅಲ್ವಾ? ಜಿಡಿಬಿ ಅನ್ನುವ ಡಿಬಗರ್‌ನಲ್ಲಿ (ಪ್ರೋಗ್ರಾಂನ ತಪ್ಪು ಹುಡುಕುವ ಸಾಧನ) ಒಂದು ಲೋಕಲ್ ವೇರಿಯಬಲ್‌ನ ವಿಳಾಸಕ್ಕೆ ಹಾರ್ಡ್‌ವೇರ್ ವಾಚ್‌ಪಾಯಿಂಟ್ ಇಟ್ಟಿದ್ದೀರಿ, ಅಂದರೆ ಆ ಜಾಗ ಮುಟ್ಟಿದರೆ ಪ್ರೋಗ್ರಾಂ ನಿಲ್ಲಿಸುವ ಪ್ರೊಸೆಸರ್‌ನ ಕಾವಲು. ಅದನ್ನು ಮುಟ್ಟಲೇಬಾರದ ಫಂಕ್ಷನ್‌ಗಳಲ್ಲೂ ಪ್ರೋಗ್ರಾಂ ಪದೇ ಪದೇ ನಿಲ್ಲುತ್ತಿದೆ. ಡಿಬಗರ್ ಕೆಟ್ಟಿದೆಯಾ ಅಂತ ಅನುಮಾನ.

ಕೆಟ್ಟಿಲ್ಲ. ಪ್ರೊಸೆಸರ್‌ಗೆ ನಿಮ್ಮ ವೇರಿಯಬಲ್‌ನ ಹೆಸರೇ ಗೊತ್ತಿಲ್ಲ. ಎಕ್ಸ್86ನಲ್ಲಿ (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಬಗೆ) ಡಿಆರ್0ರಿಂದ ಡಿಆರ್3ರವರೆಗೆ ನಾಲ್ಕು ರಿಜಿಸ್ಟರ್‌ಗಳಿವೆ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗಗಳು), ಒಂದೊಂದರಲ್ಲಿ ಒಂದು ವಿಳಾಸ. ಎಷ್ಟು ಬೈಟ್ ಕಾಯಬೇಕು (1, 2, 4 ಅಥವಾ 8), ಬರೆದಾಗ ಮಾತ್ರ ನಿಲ್ಲಬೇಕಾ, ಓದಿದಾಗಲೂ ನಿಲ್ಲಬೇಕಾ ಅನ್ನುವುದು ಡಿಆರ್7 ಅನ್ನುವ ಇನ್ನೊಂದು ರಿಜಿಸ್ಟರ್‌ನಲ್ಲಿರುತ್ತದೆ. ಆ ಬೈಟ್‌ಗಳಿಗೆ ಯಾರು ಕೈ ಹಾಕಿದರೂ ಅದು ಕೂಗುತ್ತದೆ.

ನಿಮ್ಮ ತೊಂದರೆ ಬಹುತೇಕ ಸ್ಟ್ಯಾಕ್‌ನದ್ದೇ, ಅಂದರೆ ಫಂಕ್ಷನ್‌ಗಳ ಲೋಕಲ್ ವೇರಿಯಬಲ್‌ಗಳು ಇರುವ ಮೆಮೊರಿಯದ್ದೇ. ಫಂಕ್ಷನ್ ಮುಗಿದ ಮೇಲೆ ಅದರ ಜಾಗವನ್ನು ಮುಂದೆ ಬರುವ ಫಂಕ್ಷನ್‌ಗಳು ಬಳಸುತ್ತವೆ. ‘ವಾಚ್ -ಲೊಕೇಶನ್’ ಕಮಾಂಡ್ ಕೊಟ್ಟರೆ ಜಿಡಿಬಿ ವಿಳಾಸಕ್ಕೆ ಅಂಟಿಕೊಂಡೇ ಇರುತ್ತದೆ, ಅಲ್ಲಿ ಈಗ ಯಾರ ಸಾಮಾನಿದೆ ಅಂತ ನೋಡುವುದಿಲ್ಲ. ಫಂಕ್ಷನ್ ಒಳಗೆ ನಿಂತಾಗ ಸುಮ್ನೆ ‘ವಾಚ್’ ಅಂತ ಹೇಳಿ ವೇರಿಯಬಲ್ ಹೆಸರು ಕೊಡಿ. ಆಗ ಜಿಡಿಬಿ ಆ ಫಂಕ್ಷನ್ ಕರೆದ ಕೋಡ್‌ನ ಕಡೆ ಗುಟ್ಟಾಗಿ ಒಂದು ಬ್ರೇಕ್‌ಪಾಯಿಂಟ್ (ಆ ಸಾಲಿಗೆ ಬಂದಾಗ ನಿಲ್ಲಿಸುವ ಗುರುತು) ಇಡುತ್ತದೆ. ಫಂಕ್ಷನ್‌ನಿಂದ ಹೊರಗೆ ಬಂದ ಕೂಡಲೇ ವಾಚ್‌ಪಾಯಿಂಟ್ ತೆಗೆದುಹಾಕಿದ್ದೇನೆ ಅಂತ ಹೇಳಿ ನಿಲ್ಲುತ್ತದೆ.

ಹೀಪ್‌ನಲ್ಲಿ (ಫಂಕ್ಷನ್ ಮುಗಿದರೂ ಉಳಿಯುವ ಮೆಮೊರಿ) ಇಂಥ ಸೌಕರ್ಯವಿಲ್ಲ. ಒಮ್ಮೆ ನನ್ನ ಒಂದು ಆಬ್ಜೆಕ್ಟ್‌ನ ಫೀಲ್ಡ್ ತಾನಾಗಿಯೇ ಬದಲಾಗುತ್ತಿತ್ತು. ವಾಚ್‌ಪಾಯಿಂಟ್ ಇಟ್ಟರೆ ಬರೀ ಸ್ಟ್ರಿಂಗ್ ಕಾಪಿ ಮಾಡುವ ಜಾಗದಲ್ಲಿ ನಿಲ್ಲುತ್ತಿತ್ತು. ಬೈದುಕೊಂಡು, ಡಿಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಸಾಯುವಾಗ ಓಡುವ ಫಂಕ್ಷನ್) ಒಂದು ಬ್ರೇಕ್‌ಪಾಯಿಂಟ್ ಇಟ್ಟು, ಅಲ್ಲಿಗೆ ಬಂದಾಗ ವಾಚ್‌ಪಾಯಿಂಟ್ ತಾನೇ ಆಫ್ ಆಗುವ ಹಾಗೆ ‘ಕಮಾಂಡ್ಸ್’ (ನಿಂತಾಗ ಜಿಡಿಬಿ ತಾನೇ ನಡೆಸುವ ಆದೇಶಗಳು) ಬರೆದೆ. ಗಲಾಟೆ ಪೂರ್ತಿ ನಿಂತಿತು. ಆದರೆ ಫೀಲ್ಡ್ ಮಾತ್ರ ಕೆಡುತ್ತಲೇ ಇತ್ತು! ಆಗ ಹೊಳೆಯಿತು: ಆಬ್ಜೆಕ್ಟ್ ಸತ್ತ ಮೇಲೂ ಯಾರೋ ಹಳೇ ಪಾಯಿಂಟರ್ (ಅದರ ವಿಳಾಸ) ಹಿಡಿದು ಓದುತ್ತಿದ್ದಾರೆ. ಆ ಜಾಗ ಆಗಲೇ ಬೇರೆ ಸ್ಟ್ರಿಂಗ್‌ಗೆ ಹೋಗಿತ್ತು. ನಾನು ಕಿರಿಕಿರಿ ಅಂದುಕೊಂಡ ಸ್ಟಾಪ್‌ಗಳೇ ನಿಜವಾದ ಸುಳಿವು. ಹಾಗಾಗಿ ಆಫ್ ಮಾಡುವ ಮುಂಚೆ ಒಂದೆರಡು ಸಲ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಅನ್ನುವ ಪಟ್ಟಿ) ನೋಡಿ.

ನೋಡುವಾಗ ಇನ್ನೊಂದು ಮೋಸ ಇದೆ. ಎಕ್ಸ್86ನಲ್ಲಿ ಡೇಟಾ ವಾಚ್‌ಪಾಯಿಂಟ್ ಹೊಡೆಯುವುದು ಇನ್‌ಸ್ಟ್ರಕ್ಷನ್ ಮುಗಿದ ಮೇಲೆ. ಕಾಣಿಸುವ ಬಾಣ ಮುಂದಿನದರ ಮೇಲಿರುತ್ತದೆ. ಎಷ್ಟೋ ಸಲ ಅದು ಸೋರ್ಸ್‌ನ ಮುಂದಿನ ಸಾಲೇ ಆಗಿರುತ್ತದೆ. ತಪ್ಪು ಮಾಡಿದ್ದು ಅದರ ಹಿಂದಿನ ಇನ್‌ಸ್ಟ್ರಕ್ಷನ್.

ಪಕ್ಕದ ಬೈಟ್‌ಗಳ ಕಥೆ ಬೇರೆ. ಒಂದೇ ಬೈಟ್‌ನಲ್ಲಿ ಎರಡು ಬಿಟ್‌ಫೀಲ್ಡ್ (ಕೆಲವೇ ಬಿಟ್‌ಗಳಷ್ಟು ಚಿಕ್ಕ ಫೀಲ್ಡ್) ಇದ್ದರೆ, ಒಂದನ್ನು ಬದಲಿಸಲು ಕಂಪೈಲರ್ ಇಡೀ ಬೈಟ್ ಓದಿ, ತಿದ್ದಿ, ವಾಪಸ್ ಬರೆಯುತ್ತದೆ. ಹಾರ್ಡ್‌ವೇರ್‌ಗೆ ಬೈಟ್‌ಗಿಂತ ಚಿಕ್ಕದು ಕಾಣುವುದಿಲ್ಲ. ಓದಿದರೂ ಬರೆದರೂ ನಿಲ್ಲುವ ‘ಎವಾಚ್’ ಹಾಕಿದ್ದರೆ ಪಕ್ಕದ ಬಿಟ್ ಮುಟ್ಟಿದರೂ ನಿಲ್ಲುತ್ತದೆ. ಸಾದಾ ‘ವಾಚ್’ ವಾಸಿ, ಅದು ಹಳೇ ಬೆಲೆ ಮತ್ತು ಹೊಸ ಬೆಲೆ ಹೋಲಿಸಿ, ಬದಲಾಗಿದ್ದರೆ ಮಾತ್ರ ನಿಲ್ಲುತ್ತದೆ. ಆರ್ಮ್64ನಲ್ಲಿ (ಇನ್ನೊಂದು ಬಗೆಯ ಪ್ರೊಸೆಸರ್) ಒಂದೇ ಏಟಿಗೆ ಜಾಸ್ತಿ ಬೈಟ್ ಬರೆಯುವ ಇನ್‌ಸ್ಟ್ರಕ್ಷನ್‌ಗಳಿವೆ. ಆಗ ಚಿಪ್ ವರದಿ ಮಾಡುವ ವಿಳಾಸ ನೀವು ಇಟ್ಟ ವಿಳಾಸಕ್ಕಿಂತ ಹಿಂದೆ ಇರಬಹುದು. ಗಾಬರಿ ಬೇಡ.

ಇಷ್ಟಾದರೂ ಜಾಸ್ತಿ ನಿಂತರೆ ಕಂಡಿಷನ್ ಸೇರಿಸಿ, ಉದಾಹರಣೆಗೆ ಬೆಲೆ ಸೊನ್ನೆ ಆದಾಗ ಮಾತ್ರ ನಿಲ್ಲು ಅಂತ. ಆದರೆ ಕಂಡಿಷನ್ ನೋಡುವುದು ಜಿಡಿಬಿ, ಚಿಪ್ ಅಲ್ಲ. ಪ್ರತಿ ಸಲವೂ ಪ್ರೋಗ್ರಾಂ ಒಳಗೊಳಗೇ ನಿಂತು ಹೊರಡುತ್ತದೆ, ಲೆಕ್ಕವಿಲ್ಲದಷ್ಟು ಸಲ ಓಡುವ ಲೂಪ್‌ನಲ್ಲಿ ತೆವಳುತ್ತದೆ. ಚಿಪ್ ಬದಲು ಜಿಡಿಬಿಯೇ ಕಾಯುವ ಸಾಫ್ಟ್‌ವೇರ್ ವಾಚ್‌ಪಾಯಿಂಟ್‌ಗೆ ಮಾತ್ರ ಹೋಗಬೇಡಿ. ಒಂದೊಂದೇ ಇನ್‌ಸ್ಟ್ರಕ್ಷನ್ ನಡೆಸುವುದರಿಂದ ನೂರಾರು ಪಟ್ಟು ನಿಧಾನ, ಜೊತೆಗೆ ಬೇರೆ ಥ್ರೆಡ್ ಬರೆದರೆ ಅದಕ್ಕೆ ಗೊತ್ತಾಗದೇ ಹೋಗಬಹುದು.

‘-ಲೊಕೇಶನ್’ ತೆಗೆದು ನೋಡಿ. ಆಮೇಲೂ ನಿಂತರೆ ಆ ಜಾಗದ ಡಿಸ್‌ಅಸೆಂಬ್ಲಿ (ಪ್ರೊಸೆಸರ್ ಇನ್‌ಸ್ಟ್ರಕ್ಷನ್‌ಗಳ ಪಟ್ಟಿ) ನಾಲ್ಕು ಸಾಲು ಇಲ್ಲಿ ಹಾಕಿ, ನೋಡೋಣ.